ಸೆಕೆಗೆ ಒಡೆಯುವ ಮನೆ ಕ್ರೀಮ್: ಕಾರವಾರದ ಓದುಗರಿಗೊಂದು ಉತ್ತರ

ಪ್ರಶ್ನೆ: ನಾನು ಕಾರವಾರದವಳು. ಮನೆಯಲ್ಲೇ ಮುಖಕ್ಕೆ, ಕೈಕಾಲಿಗೆ ಕ್ರೀಮ್ ಮಾಡುತ್ತೇನೆ. ತೆಂಗಿನೆಣ್ಣೆ, ಮುರುಗಲ ತುಪ್ಪ (ಕೋಕಂ ಬೀಜದ ಕೊಬ್ಬು), ಜೇನುಮೇಣ ಕರಗಿಸಿ, ಅದಕ್ಕೆ ಹಿತ್ತಲಿನ ಲೋಳೆಸರದ ತಿರುಳು, ಗುಲಾಬಿ ನೀರು ಸೇರಿಸಿ ಮಿಕ್ಸಿಯಲ್ಲಿ ತಿರುಗಿಸುತ್ತೇನೆ. ಕೆಡದಿರಲಿ ಎಂದು ಎರಡು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕುತ್ತೇನೆ. ಮಾರ್ಚ್ ಬಂತೆಂದರೆ ಒಡೆದು ಎಣ್ಣೆ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ಮಾಡಿದ್ದಕ್ಕೆ ಬೂಷ್ಟು ಬರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗಿ ರವೆ ರವೆ ಆಗುತ್ತದೆ. ಅದೇ ಕ್ರೀಮ್ ಶಿರಸಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಒಡೆಯುವುದಿಲ್ಲ! ಸೆಕೆಗೆ ತಡೆಯುವ ಹಾಗೆ ಮಾಡುವುದು ಹೇಗೆ? ಮಹಿಳಾ ಸಂಘದವರು ಮಾರೋಣ ಎನ್ನುತ್ತಿದ್ದಾರೆ, ಮಾರಬಹುದೇ? ಒಡೆದಿರುವ ಡಬ್ಬಿಗಳನ್ನು ಮತ್ತೆ ಕರಗಿಸಿ ಸರಿ ಮಾಡಬಹುದೇ?

ಉತ್ತರ: ನೀವು ಬರೆದದ್ದರಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅಕ್ಕನ ಮನೆಯ ವಿಷಯ. ಒಂದೇ ಪಾತ್ರೆಯಲ್ಲಿ ಮಾಡಿದ ಕ್ರೀಮ್ ಘಟ್ಟದ ಮೇಲೆ ಉಳಿಯುತ್ತದೆ, ಕೆಳಗೆ ಒಡೆಯುತ್ತದೆ. ಹಾಗಾದರೆ ತಪ್ಪು ಸೆಕೆಯದ್ದೇ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ನಿಮ್ಮ ಸಾಮಗ್ರಿ ನೋಡಿದರೆ ಕಥೆ ಬೇರೆ. ಆ ಕ್ರೀಮಿನಲ್ಲಿ ಎಣ್ಣೆಯೂ ನೀರೂ ಮೊದಲ ದಿನದಿಂದಲೂ ಕೂಡಿಯೇ ಇರಲಿಲ್ಲ. ಶಿರಸಿಯಲ್ಲಿ ಅದು ಹೊರಗೆ ಕಾಣುವುದಿಲ್ಲ, ಅಷ್ಟೇ.

ತೆಂಗಿನೆಣ್ಣೆ ಸುಮಾರು 24–25 ಡಿಗ್ರಿಯಲ್ಲಿ ಕರಗುತ್ತದೆ. ಕಾರವಾರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿಯೂ ಇದಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ಅಂದರೆ ಒಮ್ಮೆ ಕರಗಿದ ಎಣ್ಣೆ ವಾರಗಟ್ಟಲೆ ಹೆಪ್ಪುಗಟ್ಟುವುದೇ ಇಲ್ಲ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲೂ ಬೇಸಿಗೆಯ ಮಧ್ಯಾಹ್ನ ಸುಡುತ್ತದೆ. ಆದರೆ ರಾತ್ರಿ ತಂಪಾಗುತ್ತದೆ, ಕೊಬ್ಬು ಮತ್ತೆ ಗಟ್ಟಿಯಾಗುತ್ತದೆ. ನೀರಿನ ಹನಿಗಳು ಗಟ್ಟಿ ಕೊಬ್ಬಿನೊಳಗೆ ಸಿಕ್ಕಿಹಾಕಿಕೊಂಡು ಕೂತಿರುತ್ತವೆ. ನೋಡಿದವರಿಗೆ ಕ್ರೀಮ್ ಚೆನ್ನಾಗಿದೆ ಅನ್ನಿಸುತ್ತದೆ. ನಿಮ್ಮಲ್ಲಿ ಆ ಕೊಬ್ಬು ಕರಗಿದ ಕೂಡಲೇ ನೀರಿಗೆ ಹಿಡಿತ ತಪ್ಪುತ್ತದೆ. ನೀರು ತಳಕ್ಕೆ, ಎಣ್ಣೆ ಮೇಲಕ್ಕೆ.

ಬೇಕಾದರೆ ನೀವೇ ನೋಡಬಹುದು. ಒಡೆಯದೇ ಇರುವ ನಿಮ್ಮ ಕ್ರೀಮನ್ನು ಕಡಲೆಕಾಳಿನಷ್ಟು ತೆಗೆದು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಹಾಕಿ, ಚಮಚದಲ್ಲಿ ತಿರುಗಿಸಿ. ಅಂಗಡಿಯ ಮಾಮೂಲಿ ಲೋಷನ್ ಆದರೆ ಹಾಲಿನ ಹಾಗೆ ಬೆಳ್ಳಗೆ ಹರಡಿಕೊಳ್ಳುತ್ತದೆ. ನಿಮ್ಮದು ಹಾಗೆ ಆಗಲಿಕ್ಕಿಲ್ಲ. ಮೇಣದ ಚೂರುಗಳೂ ಎಣ್ಣೆಯ ಕಣ್ಣುಗಳೂ ಮೇಲೆ ತೇಲುತ್ತವೆ.

ಎಣ್ಣೆ ನೀರನ್ನು ಕೂಡಿಸಿ ಹಿಡಿಯಲು ಎಮಲ್ಸಿಫೈಯರ್ ಬೇಕು. ಅದರ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ಎಣ್ಣೆಯನ್ನು. ಜೇನುಮೇಣ ತಾನಾಗಿ ಆ ಕೆಲಸ ಮಾಡುವುದಿಲ್ಲ. ಹಳೇ ಕಾಲದ ಕೋಲ್ಡ್ ಕ್ರೀಮಿನಲ್ಲಿ ಜೇನುಮೇಣ ಇತ್ತಲ್ಲ ಎಂದು ಕೇಳಬಹುದು. ಇತ್ತು, ಆದರೆ ಜೊತೆಗೆ ಬಿಳಿಗಾರವೂ (ಬೋರಾಕ್ಸ್) ಇತ್ತು. ಬಿಳಿಗಾರ ಜೇನುಮೇಣದ ಆಮ್ಲಗಳ ಜೊತೆ ಸೇರಿ ಒಂದು ಬಗೆಯ ಸಾಬೂನು ಆಗುತ್ತದೆ, ಆ ಸಾಬೂನೇ ಎಮಲ್ಸಿಫೈಯರ್. ಈಗ ಮನೆಯಲ್ಲಿ ಬಿಳಿಗಾರ ಹಾಕಲು ನಾನು ಹೇಳುವುದಿಲ್ಲ. ಒಡೆದ ಚರ್ಮಕ್ಕೂ ಮಕ್ಕಳಿಗೂ ಅದು ಒಳ್ಳೆಯದಲ್ಲ, ಅದಕ್ಕಿಂತ ಸುಲಭದ ವಸ್ತುಗಳು ಸಿಗುತ್ತವೆ. ಕ್ರೀಮಿನ ಕಚ್ಚಾ ವಸ್ತು ಮಾರುವವರಲ್ಲಿ ಎಮಲ್ಸಿಫೈಯಿಂಗ್ ವ್ಯಾಕ್ಸ್ ಅಂತ ಬಿಳೀ ಹರಳುಗಳ ರೂಪದಲ್ಲಿ ಸಿಗುತ್ತದೆ. ಸಿಟೊಸ್ಟಿಯರಿಲ್ ಆಲ್ಕೊಹಾಲ್ ಜೊತೆ ಪಾಲಿಸಾರ್ಬೇಟ್ 60 ಸೇರಿಸಿದ್ದಾದರೆ ಹೊಸಬರಿಗೆ ಅದೇ ಸಾಕು. ಹೆಸರು ನೋಡಿ ಗಾಬರಿ ಬೇಡ. ಆ ಆಲ್ಕೊಹಾಲ್ ಮೇಣದಂಥದ್ದು, ಚರ್ಮ ಒಣಗಿಸುವ ಸ್ಪಿರಿಟ್ ಅಲ್ಲ.

ಈಗ ಒಂದು ಅಳತೆ ಕೊಡುತ್ತೇನೆ. ಎಲ್ಲ ಗ್ರಾಂ ಲೆಕ್ಕ, ಒಟ್ಟು 100 ಗ್ರಾಂಗೆ. ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ. 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತೂಕದ ಯಂತ್ರ ಒಂದು ಕೊಂಡುಬಿಡಿ. ಎಣ್ಣೆಯ ಪಾತ್ರೆಗೆ ಎಮಲ್ಸಿಫೈಯಿಂಗ್ ವ್ಯಾಕ್ಸ್ 6, ಸಿಟೈಲ್ ಆಲ್ಕೊಹಾಲ್ (ಇದೂ ಮೇಣದಂಥದ್ದೇ) 2, ಮುರುಗಲ ತುಪ್ಪ 3, ತೆಂಗಿನೆಣ್ಣೆ 8, ಎಳ್ಳೆಣ್ಣೆ 2. ನೀರಿನ ಪಾತ್ರೆಗೆ ಡಿಸ್ಟಿಲ್ಡ್ ವಾಟರ್ 73.1, ಗ್ಲಿಸರಿನ್ 4, ಜಾಂಥನ್ ಗಮ್ (ನೀರನ್ನು ಮಂದ ಮಾಡುವ ಪುಡಿ) 0.3, ಡೈಸೋಡಿಯಂ ಇಡಿಟಿಎ 0.1. ಕೊನೆಗೆ ತಣಿದ ಮೇಲೆ ಹಾಕಲು ಪ್ರಿಸರ್ವೇಟಿವ್ (ಕೆಡದಂತೆ ಕಾಯುವ ದ್ರವ, ಯಾವುದೆಂದು ಮುಂದೆ ಹೇಳುತ್ತೇನೆ) 1, ವಿಟಮಿನ್ ಇ 0.5. ಜೇನುಮೇಣ ಬೇಕೇ ಬೇಕೆಂದರೆ ಸಿಟೈಲ್ ಆಲ್ಕೊಹಾಲಿನಲ್ಲಿ ಒಂದು ಗ್ರಾಂ ಕಡಿಮೆ ಮಾಡಿ ಅಷ್ಟು ಹಾಕಿಕೊಳ್ಳಿ.

ಜಾಂಥನ್ ಗಮ್ಮನ್ನು ನೇರ ನೀರಿಗೆ ಉದುರಿಸಬೇಡಿ, ಗಂಟು ಕಟ್ಟುತ್ತದೆ. ಮೊದಲು ಗ್ಲಿಸರಿನ್‌ನಲ್ಲಿ ಕಲಸಿ, ಆಮೇಲೆ ನೀರು ಸೇರಿಸಿ. ಎರಡೂ ಪಾತ್ರೆಗಳನ್ನು ಕುದಿನೀರಿನ ಬಾಣಲೆಯೊಳಗಿಟ್ಟು 75 ಡಿಗ್ರಿಗೆ ತನ್ನಿ. ಹದಿನೈದು ಇಪ್ಪತ್ತು ನಿಮಿಷ ಅದೇ ಬಿಸಿಯಲ್ಲಿ ಹಿಡಿದಿಡಿ. ಎರಡರದ್ದೂ ಬಿಸಿ ಒಂದೇ ಇರಬೇಕು. ಬಿಸಿ ಎಣ್ಣೆಗೆ ತಣ್ಣನೆಯ ಗುಲಾಬಿ ನೀರು ಸುರಿದರೆ ಮೇಣ ಅಲ್ಲೇ ಗಟ್ಟಿಯಾಗಿ ಚೂರು ಚೂರಾಗುತ್ತದೆ. ನಿಮ್ಮ ಕ್ರೀಮಿನಲ್ಲಿ ಇದೂ ಆಗುತ್ತಿರಬೇಕು. ಬಿಸಿ ಮಾಡುವಾಗ ಸ್ವಲ್ಪ ನೀರು ಆವಿಯಾಗಿ ಹೋಗುತ್ತದೆ. ನೀರಿನ ಪಾತ್ರೆಯನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗಿ, ಹೋದಷ್ಟನ್ನು ಬಿಸಿ ಡಿಸ್ಟಿಲ್ಡ್ ವಾಟರ್‌ನಿಂದ ತುಂಬಿಸಿ. ಇದನ್ನು ಮಾಡದವರೇ ಜಾಸ್ತಿ. ಒಂದು ಸಲ ಗಟ್ಟಿ, ಒಂದು ಸಲ ತೆಳು ಆಗುವುದು ಇದರಿಂದಲೇ.

ಎರಡನ್ನೂ ಒಟ್ಟು ಮಾಡಿ ಹ್ಯಾಂಡ್ ಬ್ಲೆಂಡರ್‌ನಿಂದ ಬಿಟ್ಟು ಬಿಟ್ಟು ಎರಡು ಮೂರು ನಿಮಿಷ ತಿರುಗಿಸಿ. ಬ್ಲೆಂಡರಿನ ತಲೆ ಪೂರ್ತಿ ಮುಳುಗಿರಲಿ. ಮಿಕ್ಸಿ ಬೇಡ. ಗಾಳಿ ಸೇರಿಸಿ ನೊರೆ ಮಾಡುತ್ತದೆ, ಆ ಗಾಳಿಯಲ್ಲೇ ಎಣ್ಣೆ ಬೇಗ ಕಮಟುತ್ತದೆ. ಮಸಾಲೆ ರುಬ್ಬಿದ ಜಾರಿನ ವಾಸನೆ ಬೇರೆ. ಬ್ಲೆಂಡರ್ ಯಾಕೆ ಮುಖ್ಯ ಅಂದರೆ, ಎಣ್ಣೆಯ ಹನಿ ಸಣ್ಣದಾದಷ್ಟೂ ಮೇಲಕ್ಕೆ ಬರುವ ವೇಗ ಕಡಿಮೆ. ಹನಿ ಅರ್ಧದಷ್ಟಾದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಸ್ಟೋಕ್ಸ್ ನಿಯಮ. ಅದೇ ನಿಯಮದ ಪ್ರಕಾರ ಸುತ್ತಲಿನ ನೀರು ಮಂದವಾಗಿದ್ದರೂ ಹನಿ ನಿಧಾನ. ಬಿಸಿಯಾದರೆ ಕ್ರೀಮ್ ತೆಳುವಾಗುತ್ತದಲ್ಲ, ಆಗ ಹನಿಗಳಿಗೆ ದಾರಿ ಸಲೀಸು. ಜಾಂಥನ್ ಗಮ್ ಬಿಸಿಗೂ ಅಷ್ಟಾಗಿ ತೆಳುವಾಗುವುದಿಲ್ಲ. ಕರಾವಳಿಯವರಿಗೆ ಆ 0.3 ಗ್ರಾಂ ಬಿಟ್ಟರೆ ಆಗುವುದಿಲ್ಲ.

ಇಷ್ಟು ಒಡೆಯುವ ಮಾತು. ಬೂಷ್ಟಿನದು ಬೇರೆಯೇ ಸಮಸ್ಯೆ. ಚೆನ್ನಾಗಿ ಕೂಡಿದ ಕ್ರೀಮೂ ಕೆಡಬಹುದು, ಒಡೆದ ಕ್ರೀಮಿನಲ್ಲಿ ಬೂಷ್ಟು ಇಲ್ಲದಿರಬಹುದು. ಇವೆರಡಕ್ಕೂ ಒಂದೇ ಮದ್ದು ಹುಡುಕುವುದರಿಂದಲೇ ವಿಟಮಿನ್ ಇ ಪ್ರಿಸರ್ವೇಟಿವ್ ಅನ್ನುವ ಮಾತು ಹುಟ್ಟಿದ್ದು. ವಿಟಮಿನ್ ಇ ಎಣ್ಣೆ ಕಮಟದಂತೆ ತಡೆಯುತ್ತದೆ. ಬ್ಯಾಕ್ಟೀರಿಯಾಕ್ಕಾಗಲಿ ಬೂಷ್ಟಿಗಾಗಲಿ ಅದರಿಂದ ಏನೂ ಆಗುವುದಿಲ್ಲ. ಬೇವಿನೆಣ್ಣೆ, ಅರಿಶಿನ, ನಾಲ್ಕು ಹನಿ ಟೀ ಟ್ರೀ ಎಣ್ಣೆಯನ್ನು ನಂಬಿ ಕೂರುವ ಹಾಗೂ ಇಲ್ಲ. ಚರ್ಮ ಉರಿಯದಷ್ಟು ಹಾಕಿದರೆ ಸೂಕ್ಷ್ಮಾಣು ಸಾಯುವುದಿಲ್ಲ.

ಲೋಳೆಸರದ ವಿಷಯಕ್ಕೆ ನಿಮಗೆ ಬೇಜಾರಾಗಬಹುದು. ಹಿತ್ತಲಿಂದ ಕಿತ್ತ ತಾಜಾ ತಿರುಳು ಅಂದರೆ ಹೆಚ್ಚಿನ ಪಾಲು ನೀರು, ಉಳಿದದ್ದು ಸಕ್ಕರೆಯಂಥ ಪದಾರ್ಥ, ಅದರ ಜೊತೆಗೆ ಎಲೆಯ ಮೇಲಿನ ಮಣ್ಣಿನ ಸೂಕ್ಷ್ಮಾಣು. ಬೂಷ್ಟಿಗೆ ಇದಕ್ಕಿಂತ ಊಟ ಬೇಕಾ? ಎಲೆ ಕತ್ತರಿಸಿದಾಗ ಸಿಪ್ಪೆಯಡಿಯಿಂದ ಇಳಿಯುವ ಹಳದಿ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಅದು ಬೇರೆ. ಮುಖಕ್ಕೆ ಹಚ್ಚಲು ತಾಜಾ ಲೋಳೆಸರ ಒಳ್ಳೆಯದೇ. ಹಚ್ಚಿ, ತೊಳೆದುಬಿಡಿ. ಡಬ್ಬಿಯೊಳಗೆ ಮಾತ್ರ ಬೇಡ. ಅರ್ಧ ಖಾಲಿಯಾದ ಗುಲಾಬಿ ನೀರಿನ ಬಾಟಲಿಯೂ ಬೇಡ. ಬಾವಿ ನೀರಂತೂ ಬೇಡವೇ ಬೇಡ. ನಮ್ಮ ಕೆಂಪುಕಲ್ಲಿನ ಮಣ್ಣಿನ ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಇರಬಹುದು. ನದಿಬಾಯಿಯ ಹತ್ತಿರವಾದರೆ ಬೇಸಿಗೆಯಲ್ಲಿ ಉಪ್ಪೂ ಸೇರುತ್ತದೆ. ಕಬ್ಬಿಣ ಎಣ್ಣೆಯನ್ನು ಬೇಗ ಕಮಟಿಸುತ್ತದೆ, ಉಪ್ಪು ಕ್ರೀಮನ್ನು ಸಡಿಲ ಮಾಡಬಹುದು. ಇಡಿಟಿಎ ಹಾಕುವುದು ಇಂಥ ಲೋಹದ ಅಂಶವನ್ನು ಹಿಡಿದಿಡಲಿಕ್ಕೇ.

ನೀರು ಇರುವ ಕ್ರೀಮಿಗೆ ನಿಜವಾದ ಪ್ರಿಸರ್ವೇಟಿವ್ ಹಾಕಲೇಬೇಕು. ಕರಾವಳಿಯಲ್ಲಿ ಇದಕ್ಕೆ ಪರ್ಯಾಯ ಇಲ್ಲ. ಫಿನಾಕ್ಸಿಎಥನಾಲ್ ಮತ್ತು ಎಥೈಲ್‌ಹೆಕ್ಸೈಲ್‌ಗ್ಲಿಸರಿನ್ ಸೇರಿದ ದ್ರವ ಸಿಗುತ್ತದೆ, ನೂರಕ್ಕೆ ಒಂದು ಗ್ರಾಂ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಬಾಳುತ್ತದೆ ಅಂತೇನಿಲ್ಲ. ಫಿನಾಕ್ಸಿಎಥನಾಲ್ ಶೇ. 1 ದಾಟಬಾರದು ಅನ್ನುವ ಮಿತಿ ಇದೆ, ದಾಟಿದರೆ ಚರ್ಮಕ್ಕೆ ಉರಿ. ಇದು ಬ್ಯಾಕ್ಟೀರಿಯಾಕ್ಕೆ ಗಟ್ಟಿ, ಬೂಷ್ಟಿಗೆ ಸ್ವಲ್ಪ ಮೆತ್ತಗೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡುವ ಕ್ರೀಮಿಗೆ ಪೊಟ್ಯಾಸಿಯಂ ಸಾರ್ಬೇಟ್ 0.2 ಗ್ರಾಂ ಕೂಡ ನೀರಿನಲ್ಲಿ ಕರಗಿಸಿ ಸೇರಿಸಿ, ನೀರನ್ನು ಅಷ್ಟೇ ಕಡಿಮೆ ಮಾಡಿ. ಅದು ಕೆಲಸ ಮಾಡಬೇಕಾದರೆ ಕ್ರೀಮ್ ಸ್ವಲ್ಪ ಹುಳಿ ಇರಬೇಕು, ಪಿಎಚ್ 5ರ ಆಸುಪಾಸು. ಒಂದು ಭಾಗ ಕ್ರೀಮನ್ನು ಒಂಬತ್ತು ಭಾಗ ಡಿಸ್ಟಿಲ್ಡ್ ನೀರಿನಲ್ಲಿ ಕದಡಿ ಪಿಎಚ್ ಪಟ್ಟಿ ಅದ್ದಿ ನೋಡಿ. ಪಟ್ಟಿ 5ಕ್ಕಿಂತ ಜಾಸ್ತಿ ತೋರಿಸಿದರೆ ಹುಳಿ ಕಡಿಮೆ ಎಂದರ್ಥ, ಆಗ ಸಿಟ್ರಿಕ್ ಆಸಿಡ್ ದ್ರಾವಣ ಹನಿ ಹನಿಯಾಗಿ ಹಾಕಿ. ಸಾರ್ಬೇಟ್ ಇದ್ದರೆ ಬಿಸಿಗೆ ಕ್ರೀಮ್ ತುಸು ಹಳದಿ ತಿರುಗಬಹುದು. ಆ ಹಳದಿಯೊಂದರಿಂದಲೇ ಕ್ರೀಮ್ ಕೆಟ್ಟಿತು ಅಂದುಕೊಳ್ಳಬೇಡಿ, ವಾಸನೆಯೂ ನೋಡಿ.

ಪ್ರಿಸರ್ವೇಟಿವನ್ನೂ ವಿಟಮಿನ್ ಇ ಯನ್ನೂ ಕ್ರೀಮ್ 40 ಡಿಗ್ರಿಗೆ ಇಳಿದ ಮೇಲೆ ಹಾಕಿ ಚೆನ್ನಾಗಿ ಕಲಸಿ. ಆಮೇಲಿನ ಹಂತದಲ್ಲಿ ಎಲ್ಲರೂ ಆತುರ ಮಾಡುತ್ತಾರೆ. ಬೆಚ್ಚಗಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದುಬಿಡುತ್ತಾರೆ. ಮರುದಿನ ಮುಚ್ಚಳ ತೆಗೆದು ಒಳಮೈ ನೋಡಿ. ಸಾಸಿವೆಯಷ್ಟು ಸಣ್ಣ ನೀರಿನ ಹನಿಗಳು ಸಾಲಾಗಿ ಕೂತಿರುತ್ತವೆ. ಅದು ಕ್ರೀಮಿನಿಂದ ಎದ್ದ ಆವಿ. ಆ ಹನಿಯಲ್ಲಿ ಪ್ರಿಸರ್ವೇಟಿವ್ ಇರುವುದಿಲ್ಲ ಅನ್ನಬೇಕು. ಅದು ಕ್ರೀಮಿನ ಮೇಲೆ ತೊಟ್ಟಿಕ್ಕಿದಲ್ಲಿ ಒಂದು ಬರೀ ನೀರಿನ ಮಡು ಆಗುತ್ತದೆ. ಬೂಷ್ಟು ಶುರುವಾಗುವುದು ಅಲ್ಲಿಂದ. ನಿಮ್ಮ ಡಬ್ಬಿಗಳಲ್ಲೂ ಮೊದಲ ಚುಕ್ಕೆ ಮೇಲ್ಮೈಯಲ್ಲೋ ಮುಚ್ಚಳದ ಅಂಚಿನಲ್ಲೋ ಕಂಡಿರಬೇಕು. ಹಾಗಾಗಿ ಪಾತ್ರೆಗೆ ಶುಚಿಯಾದ ಬಟ್ಟೆ ಮುಚ್ಚಿ ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ, ಆಮೇಲೆ ತುಂಬಿ. ಡಬ್ಬಿ, ಚಮಚ, ಬ್ಲೆಂಡರ್ ತಲೆ ಎಲ್ಲವನ್ನೂ ತೊಳೆದು ಒಣಗಿಸಿ ಶೇ. 70ರ ಸ್ಪಿರಿಟ್ ಸಿಂಪಡಿಸಿ, ಅದೂ ಆರಲಿ. ಸ್ಪಿರಿಟ್ ಹತ್ತಿರ ಒಲೆ ಹಚ್ಚಿರಬಾರದು.

ಅಗಲ ಬಾಯಿಯ ಡಬ್ಬಿಗಿಂತ ಪಂಪ್ ಬಾಟಲಿಯೋ ಟ್ಯೂಬೋ ಒಳ್ಳೆಯದು. ಸ್ನಾನ ಮಾಡಿ ಬಂದ ಒದ್ದೆ ಬೆರಳನ್ನು ಡಬ್ಬಿಗೆ ಅದ್ದುವ ಅಭ್ಯಾಸ ಯಾವ ಪ್ರಿಸರ್ವೇಟಿವನ್ನೂ ಸೋಲಿಸುತ್ತದೆ. ಬಚ್ಚಲುಮನೆಯ ಕಿಟಕಿಯೂ ಕ್ರೀಮ್ ಇಡುವ ಜಾಗವಲ್ಲ.

ಇನ್ನು ಫ್ರಿಜ್ಜು. ನೀವು ಹೇಳಿದ ರವೆ ಬಹುಪಾಲು ಮುರುಗಲ ತುಪ್ಪದ್ದು. ಅದು 40 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಪೂರ್ತಿ ಕರಗಿಸಿ ಬೇಗ ತಣಿಸಿದರೆ ನುಣ್ಣಗೆ ಕೂರುತ್ತದೆ. ಅರ್ಧ ಕರಗಿ ನಿಧಾನಕ್ಕೆ ತಣಿದರೆ ದಪ್ಪ ಹರಳು ಕಟ್ಟುತ್ತದೆ. ದಿನಾ ಫ್ರಿಜ್ಜಿನಿಂದ ಹೊರಗೆ, ಹೊರಗಿಂದ ಫ್ರಿಜ್ಜಿಗೆ ಓಡಾಡಿಸಿದರೆ ಆಗುವುದು ಇದೇ. ತಣ್ಣನೆಯ ಡಬ್ಬಿಯನ್ನು ಹೊರಗಿನ ತೇವದ ಗಾಳಿಯಲ್ಲಿ ತೆರೆದರೆ ಒಳಗೂ ಬೆವರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಫ್ರಿಜ್ಜೂ ಒಂದು ಕಪಾಟು ಅಷ್ಟೇ. ಬಳಸುತ್ತಿರುವ ಡಬ್ಬಿ ಹೊರಗಿರಲಿ. ಮುಚ್ಚಿಟ್ಟ, ಇನ್ನೂ ತೆರೆಯದ ಡಬ್ಬಿಗಳನ್ನು ಬೇಕಾದರೆ ಒಳಗಿಡಿ. ಹೊರಗೆ ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ಬಿಚ್ಚಬೇಡಿ.

ಮನೆಯೊಳಗೆ ಎಲ್ಲಿಡಬೇಕು? ನೆಲಕ್ಕೆ ಹತ್ತಿರದ, ಪಡುವಣ ಬಿಸಿಲು ಬೀಳದ ಗೋಡೆಯ ಕಪಾಟಿನಲ್ಲಿ. ಹಂಚಿನ ಮನೆಯ ಅಟ್ಟ, ಫ್ರಿಜ್ಜಿನ ತಲೆ, ಗ್ಯಾಸ್ ಒಲೆ ಮೇಲಿನ ಶೆಲ್ಫು ಬೇಡ. ಬಿಸಿ ಹತ್ತು ಡಿಗ್ರಿ ಏರಿದರೆ ಎಣ್ಣೆ ಕಮಟುವ ವೇಗ ಹೆಚ್ಚುಕಡಿಮೆ ಇಮ್ಮಡಿ ಆಗುತ್ತದೆ. ತೆಂಗಿನೆಣ್ಣೆ, ಮುರುಗಲ ತುಪ್ಪ ಇದಕ್ಕೆ ಗಟ್ಟಿ ಆಸಾಮಿಗಳು. ಅಗಸೆ ಎಣ್ಣೆ, ರೋಸ್‌ಹಿಪ್ ಎಣ್ಣೆ ನಮ್ಮ ಬೇಸಿಗೆಗೆ ಹೇಳಿ ಮಾಡಿಸಿದ್ದಲ್ಲ. ದುಬಾರಿ ಎಣ್ಣೆ ಹಾಕಿದರೆ ಕ್ರೀಮ್ ಮೇಲು ಅನ್ನುವ ಭ್ರಮೆಯನ್ನು ನಾನು ತುಂಬ ನೋಡಿದ್ದೇನೆ. ಕಾಲೊಡಕಿಗೆ ಅಜ್ಜಿಯಂದಿರು ಮುರುಗಲ ತುಪ್ಪ ಹಚ್ಚುತ್ತಿದ್ದದ್ದು ಸುಮ್ನೆ ಅಲ್ಲ.

ಅಕ್ಕನಿಗೆ ಕಳಿಸುವಾಗ ಮಾತ್ರ ಜಾಗ್ರತೆ. ಬಿಸಿಲಲ್ಲಿ ನಿಂತ ವಾಹನದೊಳಗೆ 60 ಡಿಗ್ರಿವರೆಗೂ ಹೋಗಬಹುದು. ಎಮಲ್ಸಿಫೈಯಿಂಗ್ ವ್ಯಾಕ್ಸ್ 50 ಡಿಗ್ರಿ ದಾಟಿದ ಮೇಲೆ ಕರಗುತ್ತದೆ, ಆಗ ಎಂಥ ಒಳ್ಳೆ ಕ್ರೀಮೂ ಸಡಿಲವಾಗುತ್ತದೆ. ಬೆಳಗಿನ ಬಸ್ಸಿಗೆ ಕೊಡಿ, ದೇವಿಮನೆ ಘಟ್ಟ ಹತ್ತಿ ಬಿಸಿಲೇರುವ ಮೊದಲೇ ಶಿರಸಿ ಮುಟ್ಟಲಿ. ಡಬ್ಬಿಗೆ ನಾಲ್ಕು ಸುತ್ತು ಬಟ್ಟೆ ಸುತ್ತಿ.

ಹೊಸ ಅಳತೆಯಲ್ಲಿ ಮಾಡಿದ್ದು ತಡೆಯುತ್ತದೋ ಇಲ್ಲವೋ ಎಂದು ತಿಳಿಯಲು ಏಪ್ರಿಲ್‌ವರೆಗೆ ಕಾಯಬೇಕಾಗಿಲ್ಲ. ಕ್ರೀಮನ್ನು 45 ಡಿಗ್ರಿಯಲ್ಲಿ 48 ಗಂಟೆ ಇಟ್ಟು ಎಣ್ಣೆ ಬಿಡುತ್ತದಾ ನೋಡುವುದು ಪ್ರಯೋಗಾಲಯದ ರೂಢಿ. ಮನೆಯಲ್ಲಿ ಬಿಸಿಲಿಗೆ ಕಾದ ಅಟ್ಟವೇ ಸಾಕು, ಪಕ್ಕದಲ್ಲೊಂದು ಥರ್ಮಾಮೀಟರ್ ಇಡಿ. ಡಬ್ಬಿ ಇಡಲು ಅಟ್ಟ ಕೆಟ್ಟ ಜಾಗ, ಪರೀಕ್ಷೆಗೆ ಒಳ್ಳೆಯ ಜಾಗ. ಮೂರು ಸಣ್ಣ ಪಾರದರ್ಶಕ ಡಬ್ಬಿ ತುಂಬಿ, ತೂಕ ಮತ್ತು ದಿನಾಂಕ ಬರೆದು, ಒಂದನ್ನು ಫ್ರಿಜ್ಜಿನಲ್ಲಿ, ಒಂದನ್ನು ಕಪಾಟಿನಲ್ಲಿ ಇಡಿ. ಮೂರನೆಯದನ್ನು ಒಂದು ದಿನ ಫ್ರಿಜ್ಜು, ಒಂದು ದಿನ ಅಟ್ಟ ಎಂದು ಐದಾರು ಸುತ್ತು ಓಡಾಡಿಸಿ. ಬಿಸಿಗಿಂತ ಈ ಏರಿಳಿತ ಕ್ರೀಮನ್ನು ಜಾಸ್ತಿ ಪರೀಕ್ಷೆ ಮಾಡುತ್ತದೆ. ಪ್ರತಿ ಸಲ ಡಬ್ಬಿಯನ್ನು ಬೆಳಕಿಗೆ ಹಿಡಿದು ಓರೆ ಮಾಡಿ. ಅಂಚಿನಲ್ಲಿ ಎಣ್ಣೆಯ ಮಿನುಗು ಇದೆಯಾ, ತಳದಲ್ಲಿ ನೀರು ಸರಿದಾಡುತ್ತದಾ ನೋಡಿ. ತೂಕ ಇಳಿಯುತ್ತಾ ಹೋದರೆ ಮುಚ್ಚಳ ಸರಿಯಿಲ್ಲ ಎಂದರ್ಥ. ಇಷ್ಟಾದರೂ ಇದು ಒಡೆಯುವ ಪರೀಕ್ಷೆ ಮಾತ್ರ. ಸೂಕ್ಷ್ಮಾಣು ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಅದನ್ನು ಲ್ಯಾಬ್‌ನಲ್ಲೇ ನೋಡಬೇಕು. ಅದಕ್ಕೇ ಒಮ್ಮೆಗೆ 100 ಗ್ರಾಮಿಗಿಂತ ಜಾಸ್ತಿ ಮಾಡಬೇಡಿ, ಮೂರು ತಿಂಗಳೊಳಗೆ ಮುಗಿಸಿ.

ಇಷ್ಟೆಲ್ಲ ಸಾಮಾನು ತರಿಸುವುದು ತಲೆನೋವು ಅನ್ನಿಸಿದರೆ ನೀರನ್ನೇ ಬಿಟ್ಟುಬಿಡಿ. ಮುಲಾಮು ಮಾಡಿ. ಜೇನುಮೇಣ 22, ಮುರುಗಲ ತುಪ್ಪ 25, ತೆಂಗಿನೆಣ್ಣೆ 30, ಎಳ್ಳೆಣ್ಣೆ 22.5, ವಿಟಮಿನ್ ಇ 0.5. ನೀರಿಲ್ಲದ ಕಡೆ ಬೂಷ್ಟು ಬೆಳೆಯುವುದಿಲ್ಲ, ಒಡೆಯಲು ಎರಡು ಪದರವೇ ಇಲ್ಲ. ಜೇನುಮೇಣ 62–64 ಡಿಗ್ರಿಯಲ್ಲಿ ಕರಗುವಂಥದ್ದು, ಹಾಗಾಗಿ ಕಾರವಾರದ ಮೇ ತಿಂಗಳಿಗೂ ಡಬ್ಬಿಯಲ್ಲಿ ನಿಲ್ಲುತ್ತದೆ. ಕರಗಿಸಿ ಡಬ್ಬಿಗೆ ಹೊಯ್ದ ಕೂಡಲೇ ಫ್ರಿಜ್ಜಿಗಿಡಿ, ರವೆ ಕಟ್ಟುವುದಿಲ್ಲ. ಒದ್ದೆ ಬೆರಳು ಮಾತ್ರ ಇಲ್ಲೂ ಬೇಡ. ಮುಖಕ್ಕೆ ಜಿಡ್ಡಾಗುತ್ತದೆ ನಿಜ, ಕೈಕಾಲಿಗೆ, ತುಟಿಗೆ, ಹಿಮ್ಮಡಿಗೆ ಇದಕ್ಕಿಂತ ಬೇಕಾಗಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಮಳೆಗಾಲದ ನಾಲ್ಕು ತಿಂಗಳು ಮುಲಾಮು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ.

ಸಂಘದಿಂದ ಮಾರುವ ವಿಷಯ. ಮನೆಯಲ್ಲಿ ಮಾಡಿ ಸುಮ್ಮನೆ ಮಾರುವ ಹಾಗಿಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, ಅದರಡಿಯ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸಲು ರಾಜ್ಯದ ಪರವಾನಗಿ ಬೇಕು. ಮುಲಾಮಿಗೂ ಇದೇ ನಿಯಮ. ಹಪ್ಪಳ ಉಪ್ಪಿನಕಾಯಿಯ ಪರವಾನಗಿ ಇದಕ್ಕೆ ನಡೆಯುವುದಿಲ್ಲ. ಸಂಘಕ್ಕೆ ನಿಜವಾಗಿ ಆಸಕ್ತಿ ಇದ್ದರೆ ಪರವಾನಗಿ ಇರುವ ತಯಾರಕರಿಂದ ಮಾಡಿಸಿಕೊಳ್ಳುವ ದಾರಿ ಇದೆ. ಹಣ ಹಾಕುವ ಮೊದಲು ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಒಡೆದ ಡಬ್ಬಿಗಳನ್ನು ಕರಗಿಸಿ ಸರಿ ಮಾಡಲು ಹೋಗಬೇಡಿ. ಬೂಷ್ಟು ಬಂದದ್ದನ್ನಂತೂ ಮೇಲಿನ ಪದರ ಕೆರೆದು ಉಳಿದದ್ದನ್ನು ಹಚ್ಚುವ ಹಾಗೇ ಇಲ್ಲ, ಬೇರು ಒಳಗೆ ಇಳಿದಿರುತ್ತದೆ. ಕಣ್ಣಿನ ಸುತ್ತ ಹಚ್ಚಿದರೆ ಸೋಂಕು ಆದೀತು. ಬೂಷ್ಟು ಕಾಣದ್ದರಲ್ಲೂ ಪ್ರಿಸರ್ವೇಟಿವ್ ಇಲ್ಲದ ಲೋಳೆಸರ ಇದೆ, ಬಿಸಿ ಮಾಡಿದರೆ ಅದು ಶುದ್ಧವಾಗುವುದಿಲ್ಲ. ಹಳೇ ಪೇಪರಿಗೆ ಬಳಿದು ಕಸಕ್ಕೆ ಹಾಕಿ. ಸಿಂಕಿಗೆ ಸುರಿದರೆ ಪೈಪಿನಲ್ಲಿ ಮೇಣ ಕಟ್ಟುತ್ತದೆ. ಗಾಜಿನ ಡಬ್ಬಿಗಳನ್ನು ಬಿಸಿನೀರು, ಸೋಪಿನಲ್ಲಿ ತೊಳೆದು, ಹತ್ತು ನಿಮಿಷ ಕುದಿಸಿ ಒಣಗಿಸಿ ಮತ್ತೆ ಬಳಸಬಹುದು. ಮುಚ್ಚಳದೊಳಗಿನ ರಟ್ಟಿನ ಬಿಲ್ಲೆ ಮಾತ್ರ ಕಿತ್ತು ಎಸೆಯಿರಿ, ಹೊಸದು ಹಾಕಿ.